ಗುಡ್ಡದ ಸುಬಾಬುಲ್

ಮುಂಬೈಯ ಚೆಂಬೂರಿನಲ್ಲಿ ನಮ್ಮ ಕಾಲನಿಯ ಹಿಂದಿರುವ ಗುಡ್ಡದಲ್ಲಿ ಸುಬಾಬುಲ್ ಬಿಟ್ಟು ಬೇರೆ ಮರ ಬೇಕಾದರೆ ಹುಡುಕಬೇಕು. ಬೋಳು ಗುಡ್ಡ ಬೇಗ ಹಸಿರಾಗಲಿ ಎಂದು ಹಿಂದೆ ಯಾರೋ ಈ ಪರದೇಶಿ ಮರದ ಬೀಜ ಎರಚಿದ್ದರು. ಗುಡ್ಡ ಹಸಿರಾಯಿತು, ಅಲ್ಲಿ ಮೊದಲಿದ್ದ ಗಿಡಗಳೆಲ್ಲ ಹೋದವು. ಕಡಿದರೆ ಬುಡದಿಂದ ಚಿಗುರುತ್ತದೆ. ಬುಡವನ್ನೂ ಕಿತ್ತರೆ ಮಣ್ಣಿನಲ್ಲಿ ಬಿದ್ದಿರುವ ಬೀಜ ಹುಟ್ಟುತ್ತದೆ.

ಈ ಬೀಜದ ಮೇಲೆಯೇ ನನ್ನ ಪಿಎಚ್‌ಡಿ. ಪರೇಲಿನ ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ನಾಲ್ಕು ವರ್ಷದಿಂದ ಮಾಡುತ್ತಿದ್ದ ಕೆಲಸ ಹೇಳುವುದಕ್ಕೆ ಸುಲಭ. ಗಾಜಿನ ತಟ್ಟೆಯಲ್ಲಿ ಒದ್ದೆ ಕಾಗದ ಹಾಸಿ, ಇಪ್ಪತ್ತೈದು ಬೀಜ ಜೋಡಿಸಿ, ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಮೊಳಕೆ ಎಣಿಸುವುದು. ಬೇರು ಎರಡು ಮಿಲಿಮೀಟರ್ ಹೊರಗೆ ಬಂದಿದ್ದರೆ ಅದು ಮೊಳಕೆ. ಒಂದೂವರೆ ಬಂದಿದ್ದರೆ ನಾಳೆಗೆ ಬಿಡುವುದು.

ಸುಬಾಬುಲ್ ಬೀಜದ ಸಿಪ್ಪೆಯೊಳಗೆ ನೀರು ಇಳಿಯುವುದಿಲ್ಲ. ನೂರು ಬೀಜ ನೆನೆಹಾಕಿದರೆ ಎಂಟೋ ಹತ್ತೋ ಉಬ್ಬುತ್ತವೆ. ಮಿಕ್ಕವು ಹರಳಿನಂತೆ ಹಾಗೇ ಬಿದ್ದಿರುತ್ತವೆ, ವರ್ಷಗಟ್ಟಲೆ. ಒಂದು ಮಳೆಗಾಲ ಕೈಕೊಟ್ಟರೂ ಮುಂದಿನ ಮಳೆಗಾಲಗಳಿಗೆ ಬೀಜ ಉಳಿದಿರಲಿ ಎಂಬ ಏರ್ಪಾಡು ಇದು. ಭಾಂಡುಪಿನ ನೀರಿನ ಪೈಪ್‌ಲೈನ್ ಪಕ್ಕದಿಂದ ನಾನೇ ಕಿತ್ತು ತಂದು ಬಿಡಿಸಿದ ಬೀಜ ಈ ನಿಯಮವನ್ನು ಪಾಲಿಸಿತು: ನೂರಕ್ಕೆ ಒಂಬತ್ತು. ನಮ್ಮ ಗುಡ್ಡದ ಬೀಜ ಪಾಲಿಸಲಿಲ್ಲ. ನೂರಕ್ಕೆ ಎಂಬತ್ತೊಂದು ಮೊಳೆತವು.

ನಾನು ನಂಬಲಿಲ್ಲ. ಮರುವರ್ಷ ಅದೇ ಮರಗಳಿಂದ ಹೊಸ ಕಾಯಿ ಕೀಳಿಸಿ ಮತ್ತೆ ಮಾಡಿದೆ. ಎಪ್ಪತ್ತೆಂಟು. ಆಗ ನಂಬಿದೆ.

ನಂಬಿದ ಮೇಲೆ ಕಾರಣ ಸಿಗುವುದು ಕಷ್ಟವಾಗಲಿಲ್ಲ. ನಗರದ ಗುಡ್ಡದಲ್ಲಿ ಗುಡಿಸಲು, ಪೈಪು, ಚರಂಡಿ, ಬೇಸಿಗೆಯಲ್ಲೂ ಒಣಗದ ನೆಲ. ಕಾದು ಕೂರುವ ಬೀಜಕ್ಕಿಂತ ತಕ್ಷಣ ಹುಟ್ಟುವ ಬೀಜಕ್ಕೆ ಇಲ್ಲಿ ಲಾಭ ಹೆಚ್ಚು. ತಲೆಮಾರಿನಿಂದ ತಲೆಮಾರಿಗೆ ಕಾಯುವ ಗುಣ ಕಳೆದುಹೋಗಿರಬೇಕು. ಒಂದು ಕಳೆಗಿಡ ಮುಂಬೈಗೆ ಹೊಂದಿಕೊಂಡ ಕತೆ ಇದು. ನನ್ನ ಪ್ರಬಂಧದ ಮೂರನೇ ಅಧ್ಯಾಯ ಇದರ ಮೇಲೆಯೇ ನಿಂತಿತ್ತು.

ಕಾಲನಿಯ ಯೋಜನೆಯೂ ಇದರ ಮೇಲೆಯೇ ನಿಂತಿತ್ತು. ಗುಡ್ಡದ ಸುಬಾಬುಲ್ ಕಡಿದು ಊರಿನ ಮರಗಳನ್ನು ನೆಡಲು ಸೊಸೈಟಿಯವರಿಗೆ ಅನುಮತಿ ಸಿಕ್ಕಿತ್ತು. ಮಾರ್ಚ್ ತಿಂಗಳ ಸಭೆಯಲ್ಲಿ ಅವರು ನನ್ನನ್ನು ಕೇಳಿದರು, ಕಡಿದ ಮೇಲೆ ಎಷ್ಟು ವರ್ಷ ಕಳೆ ಕೀಳಬೇಕು? ಮೈಕಿನ ಮುಂದೆ ನಿಂತು ಹೇಳಿದೆ: "ಒಂದೇ ಮಳೆಗಾಲ. ಇಲ್ಲಿನ ಬೀಜ ಕಾಯುವುದಿಲ್ಲ. ಮೊದಲ ಮಳೆಗೆ ಎಲ್ಲ ಒಟ್ಟಿಗೆ ಹುಟ್ಟುತ್ತವೆ, ಒಟ್ಟಿಗೆ ಕಿತ್ತರೆ ಮುಗಿಯಿತು." ಚಪ್ಪಾಳೆ ಬಿತ್ತು. ಇನ್ನೂರು ಸಸಿಗೆ ನರ್ಸರಿಗೆ ಹೇಳಿದರು. ಮರ ಕಡಿಯುವ ಕೆಲಸ ಮೇ ಐದಕ್ಕೆ ಎಂದು ಜಮಾಲಸಾಬರಿಗೆ ಒಪ್ಪಿಸಿದರು.

ಜಮಾಲಸಾಬರು ಬಾಗಲಕೋಟೆ ಕಡೆಯವರು. ಮೂವತ್ತು ವರ್ಷದಿಂದ ಈ ಭಾಗದ ಬಿಲ್ಡಿಂಗ್‌ಗಳ ಮೇಲೆ ಬಾಗಿದ ಕೊಂಬೆ ಕಡಿಯುವುದು ಅವರ ಕಸುಬು. ನನಗೆ ಗುಡ್ಡದ ಮರ ಹತ್ತಿ ಕಾಯಿ ಕಿತ್ತು ಕೊಡುತ್ತಿದ್ದವರೂ ಅವರೇ. ಸಭೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದರು.

"ಬಾಯಾರ, ಒಂದ ಮಳಿಗೆ ಮುಗೀತದ ಅಂದ್ರೆಲ್ರೀ. ನಾ ವಿಕ್ರೋಳಿ ಬಾಜೂಕ ಒಂದು ಗ್ವಾಡಿ ಹಿಂದ ಹನ್ನೊಂದು ವರ್ಷದಿಂದ ಕಡೀಲಿಕ್ಹತ್ತೀನಿ. ಪ್ರತಿ ಮಳಿಗೂ ಹೊಸಾವು ಹುಟ್ತಾವ."

"ಅಲ್ಲಿಯ ಬೀಜ ಬೇರೆ ಇರಬಹುದು ಸಾಬರೇ" ಎಂದು ನಕ್ಕೆ. ಅವರೂ ನಕ್ಕರು. ನಾನು ಅದನ್ನು ಎಲ್ಲಿಯೂ ಬರೆದುಕೊಳ್ಳಲಿಲ್ಲ.

ಏಪ್ರಿಲ್ ಎರಡನೇ ವಾರ ನನ್ನ ಮಾರ್ಗದರ್ಶಕಿ ವಿನೋದಿನಿ ಮೇಡಂ ಅಧ್ಯಾಯವನ್ನು ಓದಿ ಮುಗಿಸಿದರು. ಅವರು ಹುಟ್ಟಿ ಬೆಳೆದದ್ದು ದಾದರಿನಲ್ಲಿ. ಬೇರೆಯವರ ಮುಂದೆ ಇಂಗ್ಲಿಷ್, ನನ್ನ ಜೊತೆ ಕನ್ನಡ.

"ಎಲ್ಲ ಚೆನ್ನಾಗಿದೆ. ಒಂದು ಫೋಟೋ ಕಮ್ಮಿ ಇದೆ" ಎಂದರು. "ನೀರು ಒಳಗೆ ಹೋಗ್ತಾ ಇದೆ ಅಂತ ಬರೆದಿದ್ದೀಯ. ಎಲ್ಲಿಂದ ಹೋಗ್ತಾ ಇದೆ? ಬಾಗಿಲು ತೋರಿಸು."

ಸುಬಾಬುಲ್ ಬೀಜದ ಚೂಪು ತುದಿಯ ಹತ್ತಿರ ಸಾಸಿವೆಗಿಂತ ಚಿಕ್ಕ ಒಂದು ಗುರುತಿದೆ. ಸಿಪ್ಪೆಯ ಅತಿ ದುರ್ಬಲ ಜಾಗ ಅದು. ನೀರಿಗೆ ದಾರಿ ಆಗುವುದಾದರೆ ಅಲ್ಲಿಯೇ. ನಾನು ಎರಡೂ ಕಡೆಯ ಬೀಜಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಭಾಂಡುಪಿನ ಬೀಜದಲ್ಲಿ ಆ ಗುರುತು ನುಣ್ಣಗೆ ಮುಚ್ಚಿಕೊಂಡಿತ್ತು. ಚೆಂಬೂರಿನದರಲ್ಲಿ ಸುಟ್ಟ ಬೊಬ್ಬೆಯ ಹಾಗೆ ಮೇಲೆದ್ದು, ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಮೂವತ್ತು ಬೀಜ ನೋಡಿದೆ. ಇಪ್ಪತ್ತಾರರಲ್ಲಿ ಹೀಗೆಯೇ.

ಮೊದಲು ಬಂದದ್ದು ಖುಷಿ. ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿತ್ತು! ಫೋಟೋ ತೆಗೆದೆ, ಅಳತೆಪಟ್ಟಿ ಹಾಕಿದೆ, ಚಿತ್ರಕ್ಕೆ ಸಂಖ್ಯೆ ಕೊಟ್ಟೆ. ಕುರ್ಲಾದಲ್ಲಿ ಗಾಡಿ ಬದಲಿಸುವಾಗ ಪ್ಲಾಟ್‌ಫಾರ್ಮಿನಲ್ಲಿ ನಿಂತು ಆ ಚಿತ್ರಗಳನ್ನು ಮೊಬೈಲಿನಲ್ಲಿ ಮತ್ತೊಮ್ಮೆ ನೋಡಿದೆ. ಅಲ್ಲಿ ಏನೋ ಸರಿಯಿಲ್ಲ ಅನಿಸಿತು. ಬಿರುಕುಗಳು ಒಂದರಂತೆ ಒಂದು ಇದ್ದವು. ಒಂದೇ ಮರದ ಎಲೆಗಳೂ ಹಾಗಿರುವುದಿಲ್ಲ. ಐದಾರು ಮರಗಳ ಬೀಜ ಹಾಗಿರುವುದು ಹೇಗೆ? ಒಂದೇ ದಿನ, ಒಂದೇ ಕಾರಣದಿಂದ ಆದ ಹಾಗಿತ್ತು.

ಮರುದಿನ ಭಾನುವಾರ. ಬೆಳಿಗ್ಗೆ ಗುಡ್ಡ ಹತ್ತಿ, ಜಮಾಲಸಾಬರು ಗುರುತು ಹಾಕಿದ್ದ ಅದೇ ಮರಗಳ ಕೆಳಗಿನ ಕೊಂಬೆಗಳಿಂದ ಒಣಗಿದ ಕಾಯಿಗಳನ್ನು ನಾನೇ ಕಿತ್ತೆ. ಮನೆಯ ಬಾಲ್ಕನಿಯಲ್ಲಿ ಕೂತು ಬಿಡಿಸಿದೆ. ಸೋಮವಾರ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲ ಬಾಗಿಲೂ ಮುಚ್ಚಿದ್ದವು. ನೂರು ಬೀಜ ನೆನೆಹಾಕಿದೆ. ಒಂದು ವಾರದ ಕೊನೆಗೆ ಉಬ್ಬಿದ್ದು ಹತ್ತು.

ಹತ್ತು ಎಂದರೆ ಭಾಂಡುಪ್. ಹತ್ತು ಎಂದರೆ ಮೂರನೇ ಅಧ್ಯಾಯ ಇಲ್ಲ, ಮತ್ತು ನಾನು ಕಾಲನಿಗೆ ಕೊಟ್ಟ ಮಾತು ಪೂರ್ತಿ ತಪ್ಪು. ಮರ ಕಡಿಯಲು ಹದಿಮೂರು ದಿನ ಉಳಿದಿತ್ತು.

ಮರದಿಂದ ಕಿತ್ತ ಕಾಯಿಗೂ ನನ್ನ ತಟ್ಟೆಗೂ ನಡುವೆ ಏನಾಗಿತ್ತು ಎಂದು ನನ್ನ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ಮರದ ಸುತ್ತಳತೆ ಇತ್ತು, ಗುಡ್ಡದ ಎತ್ತರ ಇತ್ತು, ಕಿತ್ತ ದಿನದ ಉಷ್ಣಾಂಶ ಇತ್ತು. ಆಮೇಲೆ "ಕೈಯಲ್ಲಿ ಬಿಡಿಸಿದ ಬೀಜ, ಸ್ಟೀಲ್ ಡಬ್ಬಿ" ಎಂಬ ಒಂದು ಸಾಲು. ಯಾರ ಕೈ ಎಂದು ಬರೆದಿರಲಿಲ್ಲ. ಬರೆಯುವ ಅಗತ್ಯ ಕಂಡಿರಲಿಲ್ಲ, ಯಾಕೆಂದರೆ ಅದು ದೊಡ್ಡಪ್ಪನ ಹೋಟೆಲಿನ ಕೈ.

ನನ್ನ ಅಪ್ಪನ ಅಣ್ಣ ದೂಜ ಪೂಜಾರಿಯವರ ಹೋಟೆಲ್ ಗುಡ್ಡದ ಬುಡದಲ್ಲೇ ಇದೆ. ಜಮಾಲಸಾಬರು ಕಾಯಿಯ ಚೀಲವನ್ನು ಅಲ್ಲಿ ಇಳಿಸಿ ಚಹಾ ಕುಡಿದು ಹೋಗುತ್ತಿದ್ದರು. ಎರಡು ಮೂರು ದಿನದ ನಂತರ ನಾನು ಹೋಗಿ ಬಿಡಿಸಿದ ಬೀಜದ ಡಬ್ಬಿ ತರುತ್ತಿದ್ದೆ. ಎರಡೂ ವರ್ಷ ಹೀಗೆ.

ಮಧ್ಯಾಹ್ನ ಮೂರೂವರೆಗೆ ಹೋದೆ. ಊಟದ ಗದ್ದಲ ಮುಗಿದು ಸಂಜೆಯ ಗಿರಾಕಿಗಳು ಇನ್ನೂ ಬರದ ಹೊತ್ತು. ದೊಡ್ಡಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಪೇಪರ್ ಓದುತ್ತಿದ್ದರು.

"ಓಹೋ, ಸುಬಾಬುಲ್ ಡಾಕ್ಟರು! ತಿಂದೆಯಾ?"

"ತಿಂದಾಯ್ತು. ದೊಡ್ಡಪ್ಪ, ಜಮಾಲಸಾಬರು ಕಾಯಿ ತಂದು ಕೊಡ್ತಿದ್ರಲ್ಲ, ಆಮೇಲೆ ಇಲ್ಲಿ ಎಂತ ಮಾಡ್ತಿದ್ರಿ?"

"ಎಂತ ಮಾಡ್ಲಿಕ್ಕುಂಟು? ತರಕಾರಿ ಹೆಚ್ಚುವ ಹೆಂಗಸರು ಬಿಡುವಿದ್ದಾಗ ಕೂತು ಬಿಡಿಸಿದ್ರು. ಹುಳ ಹಿಡಿದದ್ದು ಒಂದೂ ಹಾಕ್ಲಿಲ್ಲ. ಯಾಕೆ, ಕಮ್ಮಿ ಬಿತ್ತಾ?"

"ಬಿಡಿಸಿದ ಮೇಲೆ?"

"ಡಬ್ಬಿಗೆ."

"ಸೀದಾ ಡಬ್ಬಿಗೆ?"

ದೊಡ್ಡಪ್ಪ ಪೇಪರ್ ಮಡಚಿದರು. ಇಡ್ಲಿಯಲ್ಲಿ ಕೂದಲು ಇದೆ ಎಂದು ಯಾರಾದರೂ ಸುಳ್ಳು ಹೇಳಿದಾಗ ಅವರ ಮುಖ ಹೇಗಾಗುತ್ತದೋ ಹಾಗಾಗಿತ್ತು.

"ಸೀದಾ ಹಾಕ್ಲಿಕ್ಕೆ ಇದೆಂತ ಗ್ಯಾರೇಜಾ ಮಾರಾಯ್ತಿ? ಆ ಮರದಲ್ಲಿ ಕಾಗೆ ಕೂತ್ಕೊಳ್ತದೆ, ಕೆಳಗೆ ಇಲಿ ಓಡ್ತದೆ. ನಿನ್ನ ಕಾಲೇಜಿನ ಮೇಡಂ ಕೈಗೆ ಹೋಗುವ ಸಾಮಾನು ಅದು. ಚಮಚದ ನೀರಿನಲ್ಲಿ ಒಂದೈದು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ ಕೊಟ್ಟದ್ದು. ಎರಡು ವರ್ಷವೂ ನಾನೇ ನಿಂತು ಮಾಡಿಸಿದ್ದು."

ಕಾಫಿ ಕೌಂಟರಿನ ಪಕ್ಕ ಸ್ಟೀಲ್ ಪಾತ್ರೆಯಲ್ಲಿ ಚಮಚಗಳು ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ನಿಂತಿದ್ದವು. ನಮ್ಮ ಹೋಟೆಲುಗಳಲ್ಲಿ ಚಮಚ ಹೀಗೇ ಇರುತ್ತದೆ. ಕೈ ಸುಡುವಷ್ಟು ಬಿಸಿ ಇದ್ದರೆ ಮಾತ್ರ ಗಿರಾಕಿಗೆ ಸಮಾಧಾನ. ಹುಟ್ಟಿದಾಗಿನಿಂದ ನೋಡಿದ್ದೆ.

"ಗಿರಾಕಿಯ ಪಾತ್ರೆಯಲ್ಲಿ ಹಾಕ್ಲಿಲ್ಲ ಮತ್ತೆ" ಎಂದು ದೊಡ್ಡಪ್ಪ ಸೇರಿಸಿದರು. "ಅದೇ ನೀರು, ಪಾತ್ರೆ ಬೇರೆ. ನೀನು ಹಾಗೆ ನೋಡ್ಬೇಡ."

ಬ್ಯಾಗಿನಲ್ಲಿ ಥರ್ಮಾಮೀಟರ್ ಇತ್ತು. ನೀರಿಗೆ ಇಳಿಸಿದೆ. ಎಂಬತ್ತೆರಡು ಡಿಗ್ರಿ. ಸುಬಾಬುಲ್ ಬೀಜವನ್ನು ನರ್ಸರಿಗಳು ಬೇಗ ಮೊಳಕೆ ಬರಿಸಲು ಎಂಬತ್ತು ಡಿಗ್ರಿಯ ನೀರಿನಲ್ಲಿ ಕೆಲವು ನಿಮಿಷ ಅದ್ದುತ್ತವೆ. ಪಠ್ಯಪುಸ್ತಕದಲ್ಲೇ ಇರುವ ವಿಧಾನ. ದೊಡ್ಡಪ್ಪ ಆ ಪುಸ್ತಕ ಓದದೆಯೇ ಎರಡು ಡಿಗ್ರಿ ಹೆಚ್ಚು ಇಟ್ಟುಕೊಂಡಿದ್ದರು.

"ಹಾಳಾಯ್ತಾ?" ಅವರ ಧ್ವನಿ ಸಣ್ಣದಾಗಿತ್ತು.

"ಬೀಜ ಹಾಳಾಗಲಿಲ್ಲ ದೊಡ್ಡಪ್ಪ. ತುಂಬ ಚೆನ್ನಾಗಿ ಹುಟ್ಟಿತು. ಅದೇ ತಾಪತ್ರಯ."

ನನ್ನ ಹತ್ತಿರ ಉಳಿದಿದ್ದ ಹೊಸ ಬೀಜಗಳಲ್ಲಿ ಐವತ್ತನ್ನು ಅಲ್ಲಿಯೇ, ಅದೇ ನೀರಿನಲ್ಲಿ, ಗಡಿಯಾರ ನೋಡಿ ಐದು ನಿಮಿಷ ಇಟ್ಟೆ. ಅವರ ಬಟ್ಟೆಯಲ್ಲೇ ಒರೆಸಿದೆ. ಮೂರು ದಿನದಲ್ಲಿ ನಲವತ್ತೊಂದು ಉಬ್ಬಿದವು. ಇದಕ್ಕಿಂತ ಸ್ಪಷ್ಟವಾದ ಪ್ರಯೋಗವನ್ನು ಆ ನಾಲ್ಕು ವರ್ಷದಲ್ಲಿ ನಾನು ಮಾಡಿರಲಿಲ್ಲ.

ಎರಡು ವರ್ಷ ಒಂದೇ ಫಲಿತಾಂಶ ಬಂದದ್ದಕ್ಕೆ ನಾನು ಬೀಗಿದ್ದೆ. ದೊಡ್ಡಪ್ಪ ಎರಡೂ ವರ್ಷ ಅಷ್ಟೇ ಶಿಸ್ತಿನಿಂದ ಬೀಜ ತೊಳೆದಿದ್ದರು, ಅಷ್ಟೇ. ಹೊರಗಿನವರಿಂದ ಬೀಜ ತರಿಸಿದ್ದರೆ ಹತ್ತು ಪ್ರಶ್ನೆ ಕೇಳುತ್ತಿದ್ದೆ. ಮನೆಯವರಿಗೆ ಒಂದನ್ನೂ ಕೇಳಿರಲಿಲ್ಲ.

ವಿನೋದಿನಿ ಮೇಡಂ ನನ್ನ ಅಂಕಿಗಳನ್ನು ಎರಡು ಸಲ ನೋಡಿದರು. ಆಮೇಲೆ ನಕ್ಕರು, ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು.

"ಚಮಚದ ನೀರು! ಪೇಪರ್ ಕಳಿಸಿಲ್ಲ ಅಲ್ವಾ? ಮತ್ಯಾಕೆ ಈ ಮುಖ? ಕಳಿಸಿದ ಮೇಲೆ ಗೊತ್ತಾಗಿದ್ರೆ ಆಗ ಅಳಬಹುದಿತ್ತು."

"ಅಧ್ಯಾಯ?"

"ತೆಗಿ. ವಿಧಾನದಲ್ಲಿ ಇದೆಲ್ಲ ಬರಿ, ಹೋಟೆಲ್ ಸಮೇತ. ಕಾಲನಿಯವರಿಗೆ ಹೇಳಿದ್ಯಾ?"

"ಇಲ್ಲ."

"ಮೊದಲು ಅಲ್ಲಿಗೆ ಹೋಗು. ನಾನು ಎಲ್ಲಿ ಓಡಿ ಹೋಗ್ತೀನಿ."

ಹೋಗುವ ಮೊದಲು ಇನ್ನೊಂದು ಕೆಲಸ ಇತ್ತು. ಗುಡ್ಡದಲ್ಲಿ ಇಪ್ಪತ್ತು ಕಡೆ ಚೌಕಟ್ಟು ಇಟ್ಟು, ಎರಡು ಇಂಚು ಆಳದ ಮಣ್ಣು ತೆಗೆದು ಜರಡಿ ಹಿಡಿದೆ. ಒಂದು ಚದರ ಮೀಟರಿಗೆ ಸರಾಸರಿ ಇನ್ನೂರ ಹತ್ತು ಬೀಜ. ಆ ಮಣ್ಣಿನ ಬೀಜವನ್ನೂ ತಟ್ಟೆಯಲ್ಲಿಟ್ಟೆ. ನೂರಕ್ಕೆ ಒಂಬತ್ತು. ಅಷ್ಟು ಕೈಯಲ್ಲಿ ಹಿಡಿದುಕೊಂಡು, ಕಡಿಯುವ ದಿನಕ್ಕಿಂತ ಎರಡು ದಿನ ಮೊದಲು ತುರ್ತು ಸಭೆ ಕರೆಸಿದೆ.

ಸೊಸೈಟಿಯ ಅಧ್ಯಕ್ಷೆ ಇಂದ್ರಾಬಾಯಿ ಕಲಬುರಗಿಯವರು, ಮುನಸಿಪಾಲಿಟಿ ಶಾಲೆಯಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ನಲವತ್ತು ಜನ ಸೇರಿದ್ದರು. ಹಿಂದಿನ ಸಾಲಿನಲ್ಲಿ ಜಮಾಲಸಾಬರು, ಬಾಗಿಲ ಹತ್ತಿರ ದೊಡ್ಡಪ್ಪ. ನಾನು ಸುತ್ತಿ ಬಳಸದೆ ಹೇಳಿದೆ. ಬೀಜವನ್ನು ಬಿಸಿನೀರಿನಲ್ಲಿ ತೊಳೆಯಲಾಗಿತ್ತು, ಅದನ್ನು ನಾನು ವಿಚಾರಿಸಿರಲಿಲ್ಲ, ಮಾರ್ಚಿನಲ್ಲಿ ನಾನು ಹೇಳಿದ್ದು ತಪ್ಪು.

"ಅಂದ್ರ, ಇದ ಮೈಕಿನ್ಯಾಗ ನೀ ಹೇಳಿದ್ದು ಸುಳ್ಳೇನವಾ ವಿಜೇತಾ?" ಇಂದ್ರಾಬಾಯಿ ಕೇಳಿದರು.

"ಸುಳ್ಳಲ್ಲ, ತಪ್ಪು. ತಪ್ಪೆಂದು ಗೊತ್ತಿದ್ದು ಹೇಳಿದ್ದಲ್ಲ."

"ನಮಗ ಏನು ಫರಕ್ ಬೀಳ್ತದ ಅದು ಹೇಳು."

"ಫರಕ್ ಹತ್ತು ವರ್ಷದ್ದು. ಈ ಮಳೆಗೆ ನೂರರಲ್ಲಿ ಒಂಬತ್ತು ಹುಟ್ಟುತ್ತವೆ. ಉಳಿದವು ಮಣ್ಣಿನಲ್ಲೇ ಇರುತ್ತವೆ. ಮುಂದಿನ ಮಳೆಗೆ ಇನ್ನಷ್ಟು, ಅದರ ಮುಂದಿನದಕ್ಕೆ ಇನ್ನಷ್ಟು. ಈಗ ಇಡೀ ಗುಡ್ಡ ಕಡಿದು ಸಸಿ ನೆಟ್ಟು ಮನೆಗೆ ಹೋದರೆ, ಮೂರನೇ ವರ್ಷ ಸಸಿಗಳು ಕಾಣುವುದಿಲ್ಲ."

ಗದ್ದಲ ಎದ್ದಿತು. ಮೂರನೇ ಮಹಡಿಯ ಅಕ್ಷಯ ಕೈ ಎತ್ತಿದ. ಎಂಜಿನಿಯರಿಂಗ್ ಮುಗಿಸಿದ ಹುಡುಗ, ಕನ್ನಡ ಅರ್ಧಕ್ಕೆ ನಿಲ್ಲುತ್ತದೆ. "ದೀದಿ, ಅದೇ ಹಾಟ್ ವಾಟರ್ ಪೂರಾ ಗುಡ್ಡಕ್ಕೆ ಹಾಕಿದ್ರೆ? ಸಬ್ ಏಕ್ ಸಾಥ್ ಹುಟ್ಟುತ್ತೆ ನಾ?"

"ದೂಜ ಶೇಟ್, ಬಾಯ್ಲರ್ ಎಷ್ಟು ದೊಡ್ಡದದ?" ಯಾರೋ ಕೂಗಿದರು. ಸಭೆ ನಕ್ಕಿತು. ದೊಡ್ಡಪ್ಪ ನಗಲಿಲ್ಲ.

"ಟ್ರೇಯಲ್ಲಿ ಗುಡ್ಡದ ಮಣ್ಣು ತುಂಬಿ ಮಾಡಿ ನೋಡಿದ್ದೇನೆ" ಎಂದೆ. "ನೀರು ಒಂದು ಇಂಚು ಇಳಿಯುವಷ್ಟರಲ್ಲಿ ಐವತ್ತು ಡಿಗ್ರಿಗೆ ಬರುತ್ತದೆ. ಮೇಲಿನ ಬೀಜ ಹುಟ್ಟಿತು, ಕೆಳಗಿನದು ಹಾಗೇ ಇತ್ತು. ಎರೆಹುಳ ಮಾತ್ರ ಒಂದೂ ಉಳಿಯಲಿಲ್ಲ."

"ಮತ್ತ ಈಗ ಏನು ಮಾಡೂದು? ಬಿಟ್ಟಬಿಡೋದೇನು?"

"ಬಿಡುವುದು ಬೇಡ. ಕಡಿಮೆ ಮಾಡೋಣ. ಈ ವರ್ಷ ಕಾಲನಿಯ ಗೋಡೆಗೆ ತಾಗಿದ ಒಂದು ಪಟ್ಟಿ, ಮೂವತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಇನ್ನೂರರ ಬದಲು ಮೂವತ್ತಾರು ಸಸಿ. ಅದರ ಮೇಲಿನ ಸಾಲಿನ ಮರಗಳನ್ನು ಕಡಿಯದೆ, ಕಾಯಿ ಬಲಿಯುವ ಮೊದಲೇ ತೆಗೆದುಬಿಡುವುದು, ಹೊಸ ಬೀಜ ಈ ಪಟ್ಟಿಗೆ ಬೀಳದ ಹಾಗೆ. ಮಳೆಗಾಲದ ಪ್ರತಿ ಭಾನುವಾರ ಮೊಳಕೆ ಕೀಳುವುದು. ಹತ್ತು ವರ್ಷ. ಯಾರು ಬಂದರೂ ಬರದಿದ್ದರೂ ನಾನು ಬರುತ್ತೇನೆ."

"ಒಮ್ಮೆ ತಪ್ಪು ಹೇಳಿದವಳ ಮಾತು ಎರಡನೇ ಸಲ ಯಾಕೆ ನಂಬಬೇಕು?" ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ.

"ನಂಬಬೇಡಿ. ನೋಟಿಸ್ ಬೋರ್ಡಿನಲ್ಲಿ ಈಗಲೇ ಬರೆಯುತ್ತೇನೆ. ಕಡಿದ ಪಟ್ಟಿಯಲ್ಲಿ ಮೊದಲ ಮಳೆಯ ನಂತರ ಚದರ ಮೀಟರಿಗೆ ಹತ್ತೊಂಬತ್ತು ಮೊಳಕೆ. ಹದಿನಾಲ್ಕರಿಂದ ಇಪ್ಪತ್ತನಾಲ್ಕರ ಒಳಗೆ. ನನ್ನ ಹಳೆಯ ಮಾತು ಸರಿಯಿದ್ದರೆ ನೂರ ಅರವತ್ತು ದಾಟಬೇಕು. ನೀವೇ ಎಣಿಸಿ."

ಜಮಾಲಸಾಬರು ಎದ್ದು ನಿಂತರು. "ಈ ಬಾಯಾರಿಗೆ ನಾ ಮೊದಲ ಹೇಳಿದ್ದೆ, ವಿಕ್ರೋಳಿ ಗ್ವಾಡಿದು. ನಕ್ಕಿದ್ರು. ಈಗ ಅವರ ಬಂದು ತಪ್ಪಾತು ಅಂದಾರ. ಪಟ್ಟಿ ಅಂದ್ರ ಪಟ್ಟಿ. ನಾ ಐದನೇ ತಾರೀಖಿಗೆ ಬರ್ತೀನಿ."

ಅವರು ಕೂತ ಮೇಲೆ ನಾನು ಮೈಕಿನಲ್ಲೇ, ವಿಕ್ರೋಳಿಯ ಹನ್ನೊಂದು ವರ್ಷವನ್ನು ಪ್ರಬಂಧದಲ್ಲಿ ಅವರ ಹೆಸರಿನ ಜೊತೆ ಹಾಕುತ್ತೇನೆ ಎಂದೆ. "ಜಮಾಲಸಾಬ, ಕಡೇ ಅಕ್ಷರ ಬ, ಬಾಯಾರ" ಎಂದರು ಅವರು. ಭಾನುವಾರಕ್ಕೆ ಬರುವವರು ಕೈ ಎತ್ತಿ ಎಂದಾಗ ಹನ್ನೊಂದು ಜನ ಎತ್ತಿದರು. ದೊಡ್ಡಪ್ಪ ಎರಡೂ ಕೈ ಎತ್ತಿದ್ದರು.

ಜೂನ್ ಹದಿನಾಲ್ಕಕ್ಕೆ ಮಳೆ ಹಿಡಿಯಿತು. ಅದಾದ ಎರಡನೇ ಭಾನುವಾರ ಇಪ್ಪತ್ತೆರಡಕ್ಕೆ ಬಂತು. ಪಟ್ಟಿಯ ಉದ್ದಕ್ಕೂ ಹನ್ನೆರಡು ಕಡೆ ಒಂದು ಚದರ ಮೀಟರಿನ ಮರದ ಚೌಕಟ್ಟು ಇಟ್ಟೆವು. ಸುಬಾಬುಲ್ ಮೊಳಕೆಯ ಗುರುತು ಎಲ್ಲರಿಗೂ ಮೊದಲೇ ತೋರಿಸಿದ್ದೆ, ಆದರೂ ಪ್ರತಿ ಚೌಕದಲ್ಲೂ ಜಗಳ.

"ಇದು ಲೆಕ್ಕಕ್ಕಿಲ್ಲ, ಹುಣಸೆ" ಎಂದರು ಒಬ್ಬರು.

"ಹುಣಸೆ ಅಂತೆ! ನಲವತ್ತು ವರ್ಷ ಹುಳಿ ಮಾಡಿದವನಿಗೆ ಹುಣಸೆ ಗೊತ್ತಿಲ್ವಾ? ಸುಬಾಬುಲ್ ಇದು" ಎಂದು ದೊಡ್ಡಪ್ಪ ಬಗ್ಗಿ ಅದನ್ನು ಕಿತ್ತು ನನ್ನ ಮುಂದೆ ಹಿಡಿದರು. ಸುಬಾಬುಲ್ಲೇ.

ಅಕ್ಷಯ ಮೊಬೈಲಿನಲ್ಲಿ ಲೆಕ್ಕ ಹಾಕಿದ. ಇಪ್ಪತ್ತೊಂದು, ಹದಿಮೂರು, ಹದಿನೆಂಟು, ಒಂದು ಚೌಕದಲ್ಲಿ ಇಪ್ಪತ್ತೇಳು, ಒಂದರಲ್ಲಿ ಆರು. ಹನ್ನೆರಡರ ಸರಾಸರಿ ಹದಿನೇಳು.

ಇಂದ್ರಾಬಾಯಿ ಛತ್ರಿ ಹಿಡಿದು ಕೆಳಗಿನ ಚೌಕದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಸಂಖ್ಯೆ ಕೇಳಿ ತಲೆ ಎತ್ತಿದರು.

"ಹತ್ತೊಂಬತ್ತು ಬರದಿದ್ದಿ. ಎರಡು ಕಮ್ಮಿ ಬಿದ್ದಾವಲ್ಲ?"

"ಅಷ್ಟು ಹೆಚ್ಚುಕಮ್ಮಿ ಇರುತ್ತೆ ಅಂತಲೂ ಬರೆದಿದ್ದೆ ಬಾಯಿ."

"ಓದೀನವಾ, ಓದೀನಿ. ಹೆಡ್‌ಮಾಸ್ಟರ್ ಇದ್ದೆ ನಾ." ಅವರು ತಮ್ಮ ಚೌಕದ ಮೊಳಕೆಗಳನ್ನು ಒಂದೊಂದಾಗಿ ಬೇರು ಸಮೇತ ಎಳೆದು ಬಕೆಟ್ಟಿಗೆ ಹಾಕಿದರು. "ಬರೂ ವರ್ಷದ್ದೂ ಈಗ ಹೇಳಿಬಿಡು."

ಮಣ್ಣಿನಲ್ಲಿ ಉಳಿದದ್ದನ್ನು ಮನಸ್ಸಿನಲ್ಲೇ ಕಳೆದೆ. ಹೊಸ ಬೀಜ ಬೀಳದಿದ್ದರೆ, ಕೆಲವು ಕೊಳೆತು ಹೋದರೆ.

"ಹದಿನೈದು."

"ಬರಿ ಹಂಗಾರ" ಎಂದು ಅವರು ಛತ್ರಿ ಮಡಚಿ ಪಕ್ಕದ ಚೌಕಕ್ಕೆ ಸರಿದರು. ನಾನು ಬರೆದುಕೊಂಡೆ, ತಾರೀಖು ಹಾಕಿ, ಎಣಿಸಿದ ಹನ್ನೊಂದು ಜನರ ಹೆಸರನ್ನೂ ಕೆಳಗೆ ಸೇರಿಸಿ.